ಮೂರನೇ ಕ್ಯಾನಿನ ನೀರು

ಸಮುದ್ರ ನಮ್ಮೂರಿಗೆ ಒಂದು ಹಗಲಿನ ಬಸ್ ದಾರಿ. ಸೇಲಂ ಕಡೆಯ ಈ ಅದಿಯಮಾನ್‌ಕೋಟೆಯಲ್ಲಿ ಅದನ್ನು ಕಣ್ಣಾರೆ ಕಂಡವರು ಇವತ್ತಿಗೂ ಕಡಿಮೆ. ಅಂಥ ಊರಿನಲ್ಲಿ ಕೂತುಕೊಂಡು ನಾನು ಇಷ್ಟು ವರ್ಷ ಸಮುದ್ರದ ನೀರಿಗಾಗಿ ಹೊಟ್ಟೆ ಉರಿಸಿಕೊಂಡಿದ್ದೇನೆ ಎಂದರೆ ಕೇಳಿದವರು ನಗುತ್ತಾರೆ. ನಗಲಿ. ಮೊನ್ನೆ ಪೇಪರಿನಲ್ಲಿ ಯಾವುದೋ ಮೀನು ಜೆಟ್ಟಿಯ ನೀರು ‘ಸ್ಯಾಟಿಸ್‌ಫ್ಯಾಕ್ಟರಿ’ ಎಂದು ಓದಿದೆ. ಕೈಯಲ್ಲಿದ್ದ ಕಾಫಿ ಆರಿಹೋಯಿತು.

ಸುನಾಮಿ ಬಂದುಹೋದ ಮರುವರ್ಷದ ಮಾತು. ಸೇಲಂನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿ ರಿಟೈರ್ ಆಗಿ, ತವರಿಗೆ ಬಂದು ಅತ್ತಿಗೆಯ ಜೊತೆ ಇದ್ದೆ. ಅಣ್ಣ ಆಗಲೇ ತೀರಿಹೋಗಿದ್ದ. ಅತ್ತಿಗೆಗೆ ಒಂದು ಕುರಿಹಿಂಡು, ಹಿತ್ತಲಲ್ಲಿ ಒಂದು ಬೋರ್, ಬಾಯ್ತುಂಬ ಮಾತು. ನನ್ನನ್ನು ಟೀಚರಮ್ಮ ಅಂತಲೇ ಕರೆಯುತ್ತಿದ್ದಳು, ಸ್ವಲ್ಪ ಅಣಕ ಸೇರಿಸಿ.

ಒಂದು ಭಾನುವಾರ ಸಂಜೆ ನನ್ನ ಹಳೆಯ ಸ್ಟೂಡೆಂಟ್ ಒಬ್ಬಳು ಥರ್ಮೋಕೋಲ್ ಡಬ್ಬಿ ಹೊತ್ತುಕೊಂಡು ಬಂದಳು. ಕಡಲ ತೀರದ ಮೀನುಗಾರರ ಮನೆಯವಳು. ಅವಳ ತಾಯಿ ಮತ್ತು ಬೀದಿಯ ಹೆಂಗಸರು ಜೆಟ್ಟಿಯ ಕೆಳಗಿನ ನೀರಿನಲ್ಲೇ ಮೀನು ತೊಳೆಯುವವರು. ಅಲೆ ಬಂದುಹೋದ ಮೇಲೆ ಅಲ್ಲಿ ಒಡೆದ ದೋಣಿ, ಡೀಸೆಲ್, ಕೆಸರು ಎಲ್ಲ ಕೂತಿತ್ತು. ಮೇಲುಗಡೆ ಹಾಕಿದ್ದ ತಾತ್ಕಾಲಿಕ ಷೆಡ್ಡುಗಳ ಕಕ್ಕಸಿನ ನೀರೂ ಅಲ್ಲಿಗೇ ಇಳಿಯುತ್ತಿತ್ತು. ಹೆಂಗಸರ ಕೈಯೆಲ್ಲ ಬಿರಿದು ಕೀವಾಗಿದೆ ಎಂದಳು. ಯಾವುದೋ ಆಫೀಸಿನವರು ಬಂದು, ಉಬ್ಬರದ ಹೊತ್ತಿನಲ್ಲಿ ಜೆಟ್ಟಿಯ ತುದಿಯಿಂದ ಆಚೆಗೆ ಒಂದು ಬಾಟಲ್ ಅದ್ದಿ, ‘ಸ್ಯಾಟಿಸ್‌ಫ್ಯಾಕ್ಟರಿ’ ಎಂದು ಬರೆದುಕೊಂಡು ಹೋಗಿದ್ದರು. ಬುಧವಾರ ಮೀಟಿಂಗ್. ಅಷ್ಟರೊಳಗೆ ಬೇರೆ ರಿಪೋರ್ಟ್ ತೋರಿಸಿದರೆ ಕೆಸರು ಎತ್ತಿಸಿ, ತೊಳೆಯಲು ನಲ್ಲಿನೀರು ಕೊಡುತ್ತಾರಂತೆ. ಇಲ್ಲವಾದರೆ ಫೈಲ್ ಕ್ಲೋಸ್.

ಡಬ್ಬಿಯಲ್ಲಿ ಐಸಿನ ನಡುವೆ ಮೂರು ಕ್ಯಾನ್. ಒಂದು ದೂರದ ನೀರು, ಒಂದು ಜೆಟ್ಟಿಯ ಬಾಯಿಯದು, ಮೂರನೆಯದು ಹೆಂಗಸರು ಕೂರುವ ಜಾಗದ್ದು. ಮೂರನೆಯದರ ಮುಚ್ಚಳ ತೆಗೆದಳು. ಸತ್ತ ಇಲಿಯ ನಾತ. ಬೇಗ ಮುಚ್ಚಿಸಿದೆ. ಹಳೆಯ ಕೊಲೀಗ್‌ಗೆ ಫೋನ್ ಮಾಡಿ, ಬೆಳಿಗ್ಗೆ ಕಾಲೇಜಿನ ಲ್ಯಾಬ್ ತೆಗೆಸಿಕೊಡು ಎಂದು ಕೇಳಿಕೊಂಡೆ. ಕ್ಯಾನುಗಳನ್ನು ಫ್ರಿಜ್ಜಿನಲ್ಲಿಟ್ಟು ಅತ್ತಿಗೆಗೆ ಹೇಳಿದೆ: ಇದು ಸಮುದ್ರದ ನೀರು, ಬಹಳ ಮುಖ್ಯವಾದದ್ದು, ಜೋಪಾನ.

ಹಾಗೆ ಹೇಳಬಾರದಿತ್ತು. ಅಪ್ಪನ ಕಾಲದಲ್ಲಿ ಯಾರಾದರೂ ರಾಮೇಶ್ವರಕ್ಕೆ ಹೋಗಿಬಂದರೆ ಸೀಸೆಯಲ್ಲಿ ತರುತ್ತಿದ್ದ ತೀರ್ಥಕ್ಕೆ ಬೀದಿಯೇ ಬಂದು ನಿಲ್ಲುತ್ತಿತ್ತು. ಕುರಿಯ ಮೇಲೆ, ಬಿತ್ತನೆಯ ರಾಗಿಯ ಮೇಲೆ ಒಂದೊಂದು ಹನಿ. ಅದೆಲ್ಲ ನನಗೆ ಮರೆತೇಹೋಗಿತ್ತು. ಏರ್ಕಾಡಿನ ಕಾನ್ವೆಂಟ್ ಹಾಸ್ಟೆಲ್ಲಿನಲ್ಲಿ ಬೆಳೆದವಳಿಗೆ ಏನೇನೆಲ್ಲ ಮರೆತಿರುತ್ತದೆ.

ರಾತ್ರಿ ನಮ್ಮಲ್ಲೇ ಉಳಿದಿದ್ದ ಹುಡುಗಿಯೂ ನಾನೂ ಬೆಳಿಗ್ಗೆ ಸೇಲಂ ಬಸ್ಸಿನಲ್ಲಿ ಡಬ್ಬಿಯನ್ನು ಮಗುವಿನಂತೆ ಸರದಿಯ ಮೇಲೆ ತೊಡೆಯಲ್ಲಿಟ್ಟುಕೊಂಡು ಹೋದೆವು. ಲ್ಯಾಬಿನಲ್ಲಿ ಮೂರನೆಯ ಕ್ಯಾನ್ ತೆಗೆದು, ಮುಖ ಸಿಂಡರಿಸಿಕೊಂಡು ಬಗ್ಗಿ ಮೂಸಿದೆ. ನಾತವಿಲ್ಲ. ಐಸಿನ ಥಂಡಿಗೆ ಅಡಗಿರಬೇಕು ಅಂದುಕೊಂಡೆ. ಸಮುದ್ರದ ನೀರಿಗೆ ಬಹಳ ಉಪ್ಪು, ಹಾಗಾಗಿ ಚೆನ್ನಾಗಿ ತೆಳುಮಾಡಿಕೊಂಡು, ಹಳದಿ ಇಂಡಿಕೇಟರ್ ಹಾಕಿ, ಉಪ್ಪು ಅಳೆಯಲು ಸಿಲ್ವರ್ ನೈಟ್ರೇಟ್ ಹನಿಹನಿಯಾಗಿ ಬಿಡಲು ಕೂತೆ. ಮೊದಲ ಹನಿಗೇ ಹಳದಿ ಹೋಗಿ ಇಟ್ಟಿಗೆಯ ಬಣ್ಣ ಬಂತು. ಅಂದರೆ ಅದರಲ್ಲಿ ಉಪ್ಪೇ ಇಲ್ಲ. ಇನ್ನೊಂದು ಕ್ಯಾನ್ ನೋಡಿದೆ, ಮತ್ತೊಂದು ನೋಡಿದೆ. ಮೂರೂ ಅಷ್ಟೇ. ಕೊನೆಗೆ, ಸ್ಟೂಡೆಂಟುಗಳಿಗೆ ಯಾವತ್ತೂ ಮಾಡಬೇಡಿ ಎಂದು ಬೈಯುತ್ತಿದ್ದ ಕೆಲಸವನ್ನು ನಾನೇ ಮಾಡಿದೆ, ಬೆರಳದ್ದಿ ನಾಲಗೆಗಿಟ್ಟೆ. ನಮ್ಮ ಹಿತ್ತಲ ಬೋರಿನ ನೀರು. ಅದರ ಚಪ್ಪೆ ರುಚಿ ನನಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು.

ಆಫೀಸ್ ರೂಮಿನಿಂದ ಮನೆಗೆ ಫೋನ್ ಮಾಡಿದೆ. ಅತ್ತಿಗೆಯ ದನಿಯಲ್ಲಿ ಸಂತೋಷವೇ ಇತ್ತು.

‘ಊ ಕಣೇ, ನೀ ಸ್ನಾನಕ್ ಓಗಿದ್ದಾಗ ಕುರಿಗೆಲ್ಲ ಚುಮುಕಿಸ್ದೆ. ಬೀದಿಯೋರು ಒಂದೊಂದ್ ಚೊಂಬು ಒಯ್ದ್ರು. ನಮ್ಮೂರಿಗೆ ಸಮುದ್ರ ದಿನಾ ಬತ್ತದಾ?’

‘ಕ್ಯಾನಲ್ಲಿ ನೀರಿತ್ತಲ್ಲ ಅತ್ತಿಗೆ?’

‘ಬಂದೋರ್ ಪಾತ್ರೆನ ಬರಿದು ಮಾಡಿ ಕಳ್ಸಾಕಾಯ್ತದಾ? ತೊಳ್ದು ನಮ್ ನೀರು ತುಂಬ್ಸಿ ಇಟ್ಟೆ.’

ತೊಳೆದು ಬೇರೆ. ಮೂರನೆಯದನ್ನು ಏನು ಮಾಡಿದೆ ಎಂದು ಕೇಳಿದೆ.

‘ಅದು ಕೆಟ್ಟೋಗಿತ್ತು ಟೀಚರಮ್ಮ. ಒಂದ್ ಕುರಿನೂ ಅತ್ರ ಬರ್ಲಿಲ್ಲ. ತಿಪ್ಪೆಗ್ ಸುರ್ದೆ. ಆ ನೀರ್ನ ಯಾವಳು ಮುಟ್ತಾಳೆ?’

ಫೋನ್ ಇಟ್ಟೆ. ಹೊರಗೆ ಬೆಂಚಿನ ಮೇಲೆ ಹುಡುಗಿ ಕಾಯುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ, ಅತ್ತಿಗೆಯನ್ನು ಬೈಯಲೂ ಇಲ್ಲ. ಮತ್ತೆ ಹೋಗಿ ನೀರು ತಂದು, ಅದು ರಿಪೋರ್ಟ್ ಆಗುವಷ್ಟರಲ್ಲಿ ಬುಧವಾರ ಕಳೆದುಹೋಗುತ್ತದೆ ಎಂದು ಬೆರಳು ಮಡಚಿ ಲೆಕ್ಕ ಹಾಕಿದಳು. ಆಮೇಲೆ ತಮಿಳಿನಲ್ಲಿ ಮೆಲ್ಲಗೆ, ‘ಎಳುದಿ ಕುಡುಂಗ ಮಿಸ್,’ ಎಂದಳು. ‘ನೀವೇ ಮೂಸಿ ನೋಡಿದಿರಲ್ಲ. ಅಲ್ಲೇನಿದೆ ಅಂತ ನಿಮಗೆ ಗೊತ್ತು. ಬರೆದುಕೊಡಿ.’

ಬರೆಯಬಹುದಿತ್ತು. ಲೆಟರ್‌ಹೆಡ್ ಇತ್ತು, ಪೆನ್ನಿತ್ತು. ಇಂಥ ನೀರಿಗೆ ಯಾವ ಅಂಕಿ ಬರುತ್ತದೆ ಎಂಬ ಅಂದಾಜೂ ನನಗಿತ್ತು. ಆದರೆ ನನ್ನ ಕೈ ಏಳಲಿಲ್ಲ. ಏರ್ಕಾಡಿನ ಲ್ಯಾಬಿನಲ್ಲಿ ಒಬ್ಬ ಐರಿಷ್ ಸಿಸ್ಟರ್, ಪಕ್ಕದವಳ ರೀಡಿಂಗ್ ಕಾಪಿ ಮಾಡಿದ್ದಕ್ಕೆ ನನ್ನ ರೆಕಾರ್ಡ್ ಬುಕ್ಕಿನ ಹಾಳೆ ಹರಿದು, ನೀನು ಅಳೆಯದ್ದನ್ನು ಬರೆಯಬೇಡ ಚೈಲ್ಡ್, ಎಂದಿದ್ದರು. ಜೀವಮಾನವಿಡೀ ಅದನ್ನೇ ಹಿಡಿದುಕೊಂಡು ಬಂದವಳು ನಾನು. ಆಗಲ್ಲಮ್ಮ, ಎಂದೆ. ಅವಳು ಸರಿ ಮಿಸ್ ಎಂದು ಎದ್ದು ಹೋದಳು. ಕ್ಯಾನುಗಳನ್ನು ಬಿಟ್ಟುಹೋದಳು, ನಾನೇ ಮನೆಗೆ ತಂದೆ.

ಬುಧವಾರ ಅದೇ ‘ಸ್ಯಾಟಿಸ್‌ಫ್ಯಾಕ್ಟರಿ’ ಓದಿ ಫೈಲ್ ಮುಚ್ಚಿದರಂತೆ. ಆಮೇಲೆ ಅವಳು ಮತ್ತೆ ಸ್ಯಾಂಪಲ್ ತಂದಳು. ಈ ಸಲ ನಾನು ಸೇಲಂ ಬಸ್ ಸ್ಟ್ಯಾಂಡಿನಲ್ಲೇ ನಿಂತಿದ್ದು ಕೈಗೆ ತೆಗೆದುಕೊಂಡೆ. ಅಳೆದೆ. ಅಳೆದದ್ದನ್ನೇ ಬರೆದೆ. ಆ ಅಂಕಿಗಳನ್ನು ನೋಡಿ ಲ್ಯಾಬ್ ಅಟೆಂಡರ್ ಸಹ ಕೈ ತೊಳೆದುಕೊಂಡ. ರಿಜಿಸ್ಟರ್ಡ್ ಪೋಸ್ಟ್ ಮಾಡಿದ ಎಷ್ಟೋ ದಿನದ ಮೇಲೆ ಎರಡು ಸಾಲಿನ ಉತ್ತರ ಬಂತು: ಸ್ಯಾಂಪಲ್ ತೆಗೆದವರು ಆಥರೈಸ್ಡ್ ವ್ಯಕ್ತಿ ಅಲ್ಲ, ಆದ್ದರಿಂದ ಪರಿಗಣಿಸಲಾಗದು. ದೂರದಲ್ಲಿ ಬಾಟಲ್ ಅದ್ದಿದವನು ಆಥರೈಸ್ಡ್.

ನನಗೆ ಅತ್ತಿಗೆಯ ಮೇಲೆ ಸಿಟ್ಟು ಬರಬೇಕಿತ್ತು, ಬಂದೂ ಇತ್ತು. ಆ ಫೋನಿನ ನಂತರ ಒಂದು ವಾರ ಮಾತು ಬಿಟ್ಟಿದ್ದೆ. ಆದರೆ ಆ ಮೂರನೇ ಕ್ಯಾನನ್ನು ಸರಿಯಾಗಿ ಟೆಸ್ಟ್ ಮಾಡಿದವಳು ಅವಳೊಬ್ಬಳೇ, ಅವಳೂ ಅವಳ ಕುರಿಗಳೂ. ಅದನ್ನು ಬರೆಯಲು ಯಾವ ಫಾರ್ಮಿನಲ್ಲೂ ಕಾಲಂ ಇಲ್ಲ.

ಎಂಟನೆಯ ದಿನ, ಆ ಹೆಂಗಸರ ಕೈಯ ಕಥೆಯನ್ನು ಅವಳಿಗೆ ಪೂರ್ತಿ ಹೇಳಿದೆ. ಮಾರನೆಯ ಬೆಳಿಗ್ಗೆ ನೋಡಿದರೆ, ಹುಡುಗಿ ಬಿಟ್ಟುಹೋಗಿದ್ದ ಮೂರು ಕ್ಯಾನುಗಳನ್ನು ಬೂದಿ ಹಾಕಿ ಉಜ್ಜಿ, ಬೋರಿನ ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಜಗಲಿಯ ಮೇಲಿಟ್ಟಿದ್ದಾಳೆ. ನಮ್ಮ ಬೋರೂ ಆಗ ದಿನಕ್ಕೊಂದು ಗಳಿಗೆ ಮಾತ್ರ ಎತ್ತುತ್ತಿತ್ತು.

‘ಬಸ್ನೋರ್ ಕೈಲಿ ಕೊಟ್ಟು ಕಳ್ಸು,’ ಎಂದಳು. ‘ಆ ಉಡ್ಗಿ ಅವ್ವ ಕೈನಾರ ತೊಳ್ಕಳ್ಳಿ.’

ಸಮುದ್ರಕ್ಕೆ ನೀರು ಹೊರಿಸುತ್ತೀಯಲ್ಲ ಅತ್ತಿಗೆ, ಎಂದು ರೇಗಿದೆ. ರೇಗುತ್ತಲೇ ಬಸ್ ಸ್ಟ್ಯಾಂಡಿಗೆ ಹೊತ್ತುಕೊಂಡು ಹೋದೆ. ನಾನು ಬರೆದ ರಿಪೋರ್ಟಿಗಿಂತ ಅದು ಬೇಗ ತಲುಪಿತು. ಹುಡುಗಿ ಫೋನ್ ಮಾಡಿದ್ದಳು. ಅವಳ ತಾಯಿ ಆ ನೀರನ್ನು ಯಾರಿಗೂ ಕೊಡದೆ, ಮೀನು ತೊಳೆದು ಬಂದಾಗಲೆಲ್ಲ ಒಂದೊಂದೇ ಲೋಟ ಕೈ ಮೇಲೆ ಹುಯ್ಯಿಸಿಕೊಂಡಳಂತೆ. ನಾಲ್ಕು ದಿನ ಬಂತಂತೆ.