ಹುಂಜಗಳ ನೋಂದಣಿ

ತುರ್ತು ಪರಿಸ್ಥಿತಿಯ ಮೊದಲ ವರ್ಷ ನಾವು ಮೂವರು ಭಾನುವಾರದ ಮಧ್ಯಾಹ್ನಗಳಲ್ಲಿ ಶಿರಾದಲ್ಲಿ ಸೇರುತ್ತಿದ್ದೆವು. ಬೋರ್ಡ್ ಬರೆಯುವ ಸಾಹೇಬರೊಬ್ಬರ ಅಂಗಡಿಯ ಹಿಂದಿನ ಕೋಣೆ ಅದು. ಎಲ್ಲಿಯೂ ತೂಗುಹಾಕಲಾಗದಂಥ ಚಿತ್ರಗಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿರುತ್ತಿದ್ದೆವು. ಕೊರಟಗೆರೆಯಿಂದ ಡ್ರಾಯಿಂಗ್ ಮೇಷ್ಟ್ರು ಬರುತ್ತಿದ್ದರು. ಮೈಸೂರಿನಲ್ಲಿ ಎಂ.ಎ. ಮುಗಿಸಿದ್ದ ನಾನು ಮಧುಗಿರಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಗೆಳತಿಯ ಮನೆಗೆಂದು ಹೇಳಿ ಬಸ್ಸು ಹತ್ತುತ್ತಿದ್ದೆ.

ನಮ್ಮ ಮೊದಲ ಕೀಟಲೆ ಒಂದು ತಗಡಿನ ಬೋರ್ಡು. 'ಇಲ್ಲಿ ನಗಬಾರದು' ಎಂದು ಸಾಹೇಬರು ಸರ್ಕಾರಿ ನೀಲಿಯ ಮೇಲೆ ಬಿಳಿ ಅಕ್ಷರದಲ್ಲಿ ಬರೆದರು. ಬಸ್ಸು ನಿಲ್ಲುವ ಕಡೆ ಒಂದು ಬೇವಿನ ಮರಕ್ಕೆ ಹೊಡೆದೆವು. ಜನ ನಕ್ಕು ಕಿತ್ತುಹಾಕುತ್ತಾರೆ ಎಂದುಕೊಂಡಿದ್ದೆವು. ಯಾರೂ ಕೀಳಲಿಲ್ಲ. ಅದರ ಕೆಳಗೆ ನಿಂತವರು ದನಿ ತಗ್ಗಿಸಿ ಮಾತಾಡತೊಡಗಿದರು. ನಾವು ಅಲ್ಲಿಗೇ ನಿಲ್ಲಿಸಬೇಕಿತ್ತು.

ಎರಡನೆಯದು ನನ್ನ ಯೋಚನೆ. ಎಲ್ಲೆಲ್ಲೂ ಸಮಯಪಾಲನೆಯ ಮಾತು ನಡೆಯುತ್ತಿದ್ದ ಕಾಲ. ಬೆಳಗಿನ ಐದು ಗಂಟೆಗೆ ಮುಂಚೆ ಕೂಗುವ ಹುಂಜಗಳನ್ನು ಸೋಮವಾರ ತಾಲ್ಲೂಕು ಕಚೇರಿಗೆ ತಂದು ನೋಂದಾಯಿಸಬೇಕೆಂದು ಒಂದು ಆಜ್ಞೆ ಬರೆದೆ. ಸಾಹೇಬರು ಹವಾಯಿ ಚಪ್ಪಲಿಯ ಅಟ್ಟೆಯಲ್ಲಿ ಮೊಹರು ಕೊರೆದರು.

ದೊಡ್ಡೇರಿ ಕಡೆಯ ಒಂದು ಹಳ್ಳಿಯಲ್ಲಿ ತಮಟೆ ಬಡಿದು ಸುದ್ದಿ ಸಾರುವವನಿದ್ದ. ಅವನಿಗೆ ಓದು ಬಾರದು. ಕಾಗದ ತಂದವರು ಮೂರು ಸಲ ಓದಿಹೇಳಬೇಕು. ಅವನು ಕಣ್ಣು ಮುಚ್ಚಿ ಕೇಳಿ, ಒಂದಕ್ಷರ ಬಿಡದೆ ಬೀದಿಯಲ್ಲಿ ಸಾರುತ್ತಿದ್ದ. ಶನಿವಾರ ನಾನು ಹೋಗಿ ಓದಿದೆ. ಕನ್ನಡಕ, ಗಂಜಿ ಹಾಕಿದ ಹತ್ತಿ ಸೀರೆ, ಹೆಗಲಿಗೊಂದು ಚೀಲ. ಕುಟುಂಬ ಯೋಜನೆಯವಳೆಂದುಕೊಂಡರೇನೋ, ಯಾರೂ ಏನೂ ಕೇಳಲಿಲ್ಲ.

"ಐದು ಅಂದ್ರೆ ಯಾರ ಗಡಿಯಾರ್ದಾಗೆ, ಅಮ್ಮಾರೆ?" ಎಂದು ಅವನೊಬ್ಬನೇ ಕೇಳಿದ.

"ಸರ್ಕಾರದ್ದು," ಎಂದೆ.

ಅವನು ನಗಲಿಲ್ಲ. ತಲೆಯಾಡಿಸಿ, ತಮಟೆ ಕಾಯಿಸಲು ಹುಲ್ಲಿಗೆ ಬೆಂಕಿ ಹಚ್ಚಿದ.

ಸೋಮವಾರ ನಾನು ಕಚೇರಿಯ ಎದುರಿನ ಪುಸ್ತಕದಂಗಡಿಯಲ್ಲಿ ನಿಂತು ನೋಡಿದೆ. ಕಾಲು ಕಟ್ಟಿದ ಹುಂಜಗಳನ್ನು ಕಂಕುಳಲ್ಲಿ, ಬುಟ್ಟಿಯಲ್ಲಿ ಇಟ್ಟುಕೊಂಡು ಜನ ಸಾಲಾಗಿ ನಿಂತಿದ್ದರು.

"ನಿಂದು ಎಷ್ಟೊತ್ಗೆ ಕೂಗ್ತದ್ಲಾ?"

"ನಂದು ಕೂಗೋದೇ ಇಲ್ಲ. ಆಮೇಲೆ ಯಾಕ್ ತರ್ನಿಲ್ಲ ಅಂದ್ಬುಟ್ರೆ?"

"ಹಂಗಾರೆ ನಿನ್ನೆಂಡ್ರುನೂ ಕರ್ಕಂಬರ್ಬೇಕಿತ್ತು. ನಾಕಕ್ಕೇ ಸುರು ಹಚ್ಕತಾಳೆ."

ಹಾಗೆಂದವನೇ ಸುತ್ತ ನೋಡಿ, ತನ್ನ ಹುಂಜದ ಕಾಲಿನ ಗಂಟು ಬಿಗಿ ಮಾಡತೊಡಗಿದ. ಒಳಗಿನ ಗುಮಾಸ್ತರಿಗೆ ಅಂಥ ಆಜ್ಞೆಯೇ ಇಲ್ಲವೆನ್ನಲು ಧೈರ್ಯ ಬರಲಿಲ್ಲ, ಮೇಲಿನಿಂದ ಬಂದದ್ದಾದರೆ? ಹೊಸ ಪುಸ್ತಕಕ್ಕೆ ಗೆರೆ ಎಳೆದು ಯಜಮಾನನ ಹೆಸರು, ಹುಂಜದ ಬಣ್ಣ, ಕೂಗುವ ವೇಳೆ ಬರೆದುಕೊಂಡರು. ಬರಲಾಗದವರು ಭಾನುವಾರವೇ ತಮ್ಮ ಹುಂಜಗಳನ್ನು ಕೊಯ್ದುಬಿಟ್ಟಿದ್ದರೆಂದು ಆಮೇಲೆ ತಿಳಿಯಿತು. ಉಳಿದವರು ಕತ್ತಲಲ್ಲೇ ಹುಂಜ ಹೊತ್ತು ಹೊರಟಿದ್ದರಿಂದ ಸೋಮವಾರ ಹಳ್ಳಿಯಲ್ಲಿ ಒಂದೂ ಕೂಗಿಲ್ಲದೆ ಬೆಳಗಾಯಿತಂತೆ.

ಅಂಥ ಆಜ್ಞೆಯೇ ಹೊರಟಿಲ್ಲವೆಂದು ಮೇಲಿನವರಿಂದ ಗೊತ್ತಾಗಿ, ಮಂಗಳವಾರ ಪೊಲೀಸರು ಸಾರಿದವನನ್ನು ಎಳೆದೊಯ್ದರು.

ನಾನು ಶಿರಾಕ್ಕೆ ಓಡಿದೆ. ಡ್ರಾಯಿಂಗ್ ಮೇಷ್ಟ್ರು ರಜೆ ಹಾಕಿ ಎಲ್ಲಿಗೋ ಹೋಗಿಬಿಟ್ಟಿದ್ದರು. ಸಾಹೇಬರು ಕುಂಚ ತೊಳೆಯುತ್ತಲೇ ಹೇಳಿದರು: "ಮೇಡಂ, ಖಾಮೋಶ್, ಸುಮ್ನೆ ಇದ್ಬುಡಿ. ಮೊಹರು ಒಲೆಗೆ ಹಾಕಿದ್ದೀನಿ. ನಾನು ಒಳಗೆ ಹೋದ್ರೆ ಬುಡಿಸ್ಕಂಡು ಬರೋರು ಯಾರವ್ರೆ?"

ಬುಧವಾರ ಕಾಲೇಜಿನ ಗೇಟಿನ ಬಳಿ ಒಬ್ಬ ಹೆಂಗಸು ಕೂತಿದ್ದಳು. ಸಾರಿದವನ ಹೆಂಡತಿ. ಹೇಗೆ ಹುಡುಕಿದಳೋ, ಕೇಳಲಿಲ್ಲ.

"ನೀವೇ ಕಣಮ್ಮ ಓದಿದ್ದು. ನಾನು ಬಾಕ್ಲಾಗೇ ನಿಂತಿದ್ದೆ. ಹೊಡೀತಾವ್ರಂತೆ. ನೀವು ಬಂದು ಒಂದ್ ಮಾತು ಹೇಳುದ್ರೆ ಬುಟ್ಬುಡ್ತಾರೆ."

"ನಾಳೆ ಬರ್ತೀನಿ," ಎಂದೆ.

ಆಜ್ಞೆ ಬರೆದವಳೂ ಓದಿದವಳೂ ನಾನೇ ಎಂದು ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ, ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡು ಗುರುವಾರ ಬೆಳಿಗ್ಗೆ ಠಾಣೆಗೆ ಹೋದೆ. ಅವನು ಜಗುಲಿಯಲ್ಲಿ ಕೂತಿದ್ದ. ಎಡಗೈ ಊದಿತ್ತು. ನನ್ನನ್ನು ಕಂಡ ಸಬ್ ಇನ್‌ಸ್ಪೆಕ್ಟರು ಅವನ ಕಡೆ ತಿರುಗಿ, "ನೋಡ್ಲಾ, ಯಾರೋ ಓದಿದೋರು ಹೇಳಿದ್ರು ಅಂತೀಯಲ್ಲ, ಓದಿದೋರು ಅಂದ್ರೆ ಇಂಥೋರು. ಇವರೇನೋ ನಿಂಗೆ ಓದಿಹೇಳಿದ್ದು?" ಎಂದು ಗೇಲಿ ಮಾಡಿದರು.

ಅವನು ನನ್ನನ್ನು ನೋಡಿದ. ಬಹಳ ಹೊತ್ತು ನೋಡಿದ.

"ಅಲ್ಲ ಸ್ವಾಮಿ. ಗಂಡ್ಸು. ಮೀಸೆ ಇತ್ತು."

"ತಾವು ಬಂದಿದ್ದು?" ಎಂದು ನನ್ನನ್ನು ಕೇಳಿದರು.

ಕೈ ಚೀಲದ ಒಳಗಿತ್ತು. ಬೆರಳಿಗೆ ಹಾಳೆ ತಾಕುತ್ತಿತ್ತು. "ಕೈಗಡಿಯಾರ ಕಳೆದಿದೆ," ಎಂದೆ.

ಪೇದೆ ಬರೆದುಕೊಂಡ. ಪಟ್ಟಿಯ ಬಣ್ಣ ಕೇಳಿದ, ಹೇಳಿದೆ. ಎಲ್ಲಿ ಕಳೆಯಿತೆಂದು ಕೇಳಿದ, ಅದನ್ನೂ ಹೇಳಿದೆ. ಸೆರಗಿನ ಅಡಿಯಲ್ಲಿ ಗಡಿಯಾರ ಮಣಿಕಟ್ಟಿನಲ್ಲೇ ಇತ್ತು. ಸಹಿ ಹಾಕಿ ಮೆಟ್ಟಿಲಿಳಿದೆ. ಗೇಟಿನ ಹೊರಗೆ ಅವನ ಹೆಂಡತಿ ಎದ್ದು ನಿಂತಳು. ನನ್ನ ಮುಖ ನೋಡಿ ಮತ್ತೆ ಕೂತಳು.

ಅವನನ್ನು ಅದೇ ಮಧ್ಯಾಹ್ನ ಜೈಲಿಗೆ ಕಳಿಸಿದರು. ಚುನಾವಣೆ ಮುಗಿದ ಮೇಲೆ ಊರಿಗೆ ಬಂದನಂತೆ. ಆ ಹೊತ್ತಿಗೆ ಸಾರುವ ಕೆಲಸ ಬೇರೆಯವರ ಪಾಲಾಗಿತ್ತು. ಅವನ ಎಡಗೈ ತಮಟೆ ಹಿಡಿಯಲಾಗದಂತೆ ಆಗಿತ್ತೆಂದೂ ಹೇಳಿದರು. ಅವನು ನನ್ನನ್ನು ಉಳಿಸಿದನೆಂದು ಬಹಳ ವರ್ಷ ನಂಬಿದ್ದೆ. "ಅಲ್ಲ, ನಾನೇ" ಎಂದು ನಾನು ಹೇಳಲಿ ಎಂದು ಅವನು ಕಾದಿದ್ದನೆಂದು ಈಗ ಅನ್ನಿಸುತ್ತದೆ.