ಈರಣ್ಣನ ಟವೆಲು

ಈರಣ್ಣ ಸ್ವಾರ್ಥಿ. ಕಲಿತ ವಿದ್ಯೆಯನ್ನು ಕೊಬ್ಬರಿಯಂತೆ ಅಟ್ಟದ ಮೇಲಿಟ್ಟು ಏಣಿ ತೆಗೆದುಬಿಡುವ ಮನುಷ್ಯ.

೧೯೮೭ರಲ್ಲಿ ಕಡೂರಿನ ತೆಂಗು ಬೆಳೆಗಾರರ ಸಂಘಕ್ಕೆ ಕಂಪ್ಯೂಟರ್ ಬಂತು. ಯಂತ್ರ ಒಳಕೋಣೆಯಲ್ಲಿ, ಅದಕ್ಕೆ ತಂತಿ ಎಳೆದ, ಪರದೆ ಕೀಬೋರ್ಡು ಮಾತ್ರವಿದ್ದ ಎರಡು ಟರ್ಮಿನಲ್ ಹೊರಗೆ. ಸಂಘದವರು ಈರಣ್ಣನನ್ನು ಬೆಂಗಳೂರಿಗೆ ತರಬೇತಿಗೆ ಕಳಿಸಿದರು. ಗುಮಾಸ್ತನಾಗಿ ಹೋದವನು ಗುರುವಾಗಿ ಬಂದ. ಶಿಷ್ಯರನ್ನು ಮಾತ್ರ ಮಾಡಿಕೊಳ್ಳಲಿಲ್ಲ.

ಟರ್ಮಿನಲ್‌ಗೆ ಒಂದು ರೋಗವಿತ್ತು. ಟೈಪು ಮಾಡುತ್ತಿರುವಾಗಲೇ ಪರದೆ ಕಲ್ಲಾಗುತ್ತಿತ್ತು. ಏನು ಒತ್ತಿದರೂ ಅಕ್ಷರ ಮೂಡದು. ಆಗ ಈರಣ್ಣ ಬರಬೇಕು. ಅವನು ಬಂದರೆ ಅಧ್ಯಕ್ಷರೂ ಸೇರಿ ಎಲ್ಲರೂ ಗೋಡೆಯತ್ತ ತಿರುಗಬೇಕು. ಹೆಗಲ ಟವೆಲನ್ನು ಕೀಬೋರ್ಡಿಗೆ ಹೊದಿಸಿ, ಒಳಗೆ ಕೈ ತೂರಿಸಿ ಏನೋ ಒತ್ತುತ್ತಿದ್ದ, ಪರದೆ ಓಡುತ್ತಿತ್ತು. ದಕ್ಷಿಣೆ ಒಂದು ಕಾಫಿ. ಒಮ್ಮೆ ಗುಮಾಸ್ತ ರೇವಣಪ್ಪ, ಪರದೆ ಸತ್ತಿದೆಯೆಂಬ ಧೈರ್ಯದಿಂದ, ಈರಣ್ಣನನ್ನು ಬೈದು ಮನಸಾರೆ ಟೈಪು ಮಾಡಿದ್ದ. ಟವೆಲು ಎದ್ದೊಡನೆ ಬೈಗುಳವೆಲ್ಲ ಸಾಲಾಗಿ ಮೂಡಿತು. ಈರಣ್ಣ ಪೂರ್ತಿ ಓದಿ, “ಇದ್ಕೆ ಎರಡು ಕಾಫಿ ಆಯ್ತದೆ ಕಣೋ” ಅಂದ.

ಹೆಚ್ಚು ಕಾಟ ಮಲ್ಲಿಕಾಂಬಳಿಗೆ. ಅಜ್ಜಂಪುರದಿಂದ ರೈಲಿನಲ್ಲಿ ಬರುತ್ತಿದ್ದ ದಿನಗೂಲಿ ಟೈಪಿಸ್ಟ್ ಅವಳು. ತರೀಕೆರೆಯ ಟೈಪಿಂಗ್ ಶಾಲೆಯಲ್ಲಿ ಪಳಗಿದ ಬೆರಳು; ತಲೆಬರಹ ಬಂದರೆ ಕಿರುಬೆರಳು ತಾನಾಗಿ ‘ಎ’ ಪಕ್ಕದ ಕೀಲಿಗೆ ಹೋಗಿ ಒತ್ತಿಕೊಂಡೇ ಕೂರುತ್ತದೆ. ಟೈಪ್‌ರೈಟರಿನಲ್ಲಿ ದೊಡ್ಡಕ್ಷರದ ಬೀಗ ಇರುವುದು ಅಲ್ಲೇ. ಟರ್ಮಿನಲ್‌ನಲ್ಲಿ ಆ ಜಾಗದಲ್ಲಿ ಕಂಟ್ರೋಲ್ ಕೀಲಿ. ಅದರೊಡನೆ ‘ಎಸ್’ ಒತ್ತಿದರೆ ಪರದೆ ನಿಲ್ಲುತ್ತದೆ, ‘ಕ್ಯೂ’ ಒತ್ತಿದರೆ ಹೊರಡುತ್ತದೆ. ವಿದ್ಯೆ ಇಷ್ಟೇ. ಇಷ್ಟೇ ಆದ್ದರಿಂದಲೇ ಟವೆಲು ಬೇಕಿತ್ತು.

ಅವಳನ್ನು ಕಾಯಂ ಮಾಡುವ ಮೊದಲು ಅಧ್ಯಕ್ಷ ಲಕ್ಷ್ಮಣಪ್ಪನವರು ಪರೀಕ್ಷೆ ಇಟ್ಟರು. ತಮ್ಮೆದುರಿಗೇ ಸಭೆಯ ನೋಟಿಸನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿ ಮುಗಿಸಬೇಕು. ಆಗದಿದ್ದರೆ ನಾಳೆಯಿಂದ ಬರಬೇಕಿಲ್ಲ. ಅವಳು ಹಿಂದಿನ ದಿನವೇ ಈರಣ್ಣನ ಬಳಿ ಮರ್ಮ ಕೇಳಿದ್ದಳು. “ಹೇಳ್ಕೊಟ್ರೆ ನನ್ ಕಾಫಿ ಗತಿ ಏನಮ್ಮಾ” ಎಂದು ನಕ್ಕಿದ್ದ.

ತಲೆಬರಹ ‘ಸ್ಪೆಷಲ್ ಮೀಟಿಂಗ್’. ಮೊದಲ ಅಕ್ಷರವೇ ‘ಎಸ್’. ಕಿರುಬೆರಳು ಅಭ್ಯಾಸದಂತೆ ಹೋಯಿತು, ಪರದೆ ಕಲ್ಲಾಯಿತು. ಅಧ್ಯಕ್ಷರು ಗಡಿಯಾರ ನೋಡಿ, ಬರದಿದ್ದರೆ ಬಿಡಲಿ ಎಂದರು.

ಈರಣ್ಣ ಎದ್ದ. ಅವನು ಎದ್ದನೆಂದು ರೇವಣಪ್ಪ ಗೋಡೆಗೆ ತಿರುಗಿದ. ಅಧ್ಯಕ್ಷರೂ ತಿರುಗಿ ಗೊಬ್ಬರದ ಕಂಪನಿಯ ಕ್ಯಾಲೆಂಡರ್ ಓದತೊಡಗಿದರು. ಮಲ್ಲಿಕಾಂಬಳೂ ಏಳಹೋದಳು.

“ನೀನೆಲ್ಲಿಗಮ್ಮ? ಕೂತ್ಕೊ” ಎಂದು ಅವನು ಅವಳಿಗಷ್ಟೇ ಕೇಳುವಂತೆ ಹೇಳಿದ. “ಕಿರುಬೆರಳು ಅಲ್ಲೇ ಇರ್ಲಿ. ಈಗ ಕ್ಯೂ ಒತ್ತು.”

ಒತ್ತಿದಳು. ಪರದೆ ಹೊರಟಿತು.

“ಅವಳೇ ಸರಿ ಮಾಡ್ಕೊಂಡ್ಳು ಸಾರ್, ಇತ್ಲಾಗೆ ತಿರುಗಿ” ಎಂದ ಈರಣ್ಣ. ಆಮೇಲೆ ತನ್ನ ಕುರ್ಚಿಗೆ ಹೋಗಿ ಕೂತು, ಹೆಗಲ ಟವೆಲು ತೆಗೆದು ಮುಖ ಒರೆಸಿಕೊಂಡ.