ಕಂಪ್ಲಿಯಲ್ಲಿ ಕೇಳಿದ ಪ್ರಶ್ನೆ

ಸಂಡೂರಿನ ಗಣಿಯಲ್ಲಿ ಅದಿರು ಪುಡಿ ಮಾಡುವ ಕ್ರಷರ್ ಪಕ್ಕದಲ್ಲೇ ನನ್ನ ನೌಕರಿ ಮುಗಿಯಿತು. ನಿವೃತ್ತನಾಗಿ ಹೊಸಪೇಟೆಯ ಮನೆಗೆ ಬಂದ ಮೇಲೆ, ಮನೆಯವರೆಲ್ಲ ಬಾಯೊಳಗೇ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದಾರೆ ಅಂತ ನನಗೆ ಸಿಟ್ಟು. ಅವರು ಸರಿಯಾಗಿಯೇ ಮಾತಾಡುತ್ತಿದ್ದರು. ಕೇಳಿಸದೆ ಇದ್ದದ್ದು ನನಗೆ. ಡಾಕ್ಟರು ಎರಡೂ ಕಿವಿಗೆ ಮಿಷಿನ್ ಕೊಡಿಸಿದರು. ಹುಣಸೆ ಬೀಜಕ್ಕಿಂತ ತುಸು ದೊಡ್ಡದು, ಕಿವಿಯ ಹಿಂದೆ ಕೂರುವಂಥದು. ಹಾಕಿಕೊಂಡ ದಿನ ಒಗ್ಗರಣೆಗೆ ಸಾಸಿವೆ ಸಿಡಿಯುವ ಸದ್ದು ಕೇಳಿ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟೆ. ಆದರೂ ಹೊರಗೆ ಹೊರಟರೆ ಅದನ್ನು ಕಳಚಿ ಜೇಬಿಗೆ ಹಾಕುತ್ತಿದ್ದೆ. ತೀರಾ ಬೇಕೆನಿಸಿದರೆ, ಹೊಸಪೇಟೆಯ ಬಿಸಿಲಲ್ಲೂ ತಲೆಗೆ ಮಫ್ಲರ್.

"ಕಣ್ಣಿಗೆ ಚಾಳೀಸ ಹಾಕ್ಕೊಂಡೀರಿ, ಅದಕ್ಕ ನಾಚಿಕಿ ಇಲ್ಲ. ಕಿವಿಗ್ಯಾಕ್ರಿ ನಾಚಿಕಿ?" ಅಂತ ಹೆಂಡತಿ ಕೇಳುತ್ತಿದ್ದಳು. ನಾನು ಮಫ್ಲರ್ ಬಿಗಿದುಕೊಂಡು ಹೊರಟುಬಿಡುತ್ತಿದ್ದೆ.

ನೌಕರಿಯಲ್ಲಿದ್ದಾಗಿನಿಂದಲೂ ನಾನು ವಿಜ್ಞಾನದ ಕಥೆಗಳನ್ನು ಬರೆದವನು. ಎರಡು ಸಂಕಲನ ಬಂದಿವೆ. ಅವನ್ನು ಓದಿದ್ದ ಕಂಪ್ಲಿಯ ಕಾಲೇಜಿನ ಕನ್ನಡ ಮೇಡಂ ಒಬ್ಬರು, ಕಥೆಗಳಲ್ಲಿ ಬರುವ ರೋಬೋಗೂ ಸೈಬೋರ್ಗಿಗೂ ಏನು ವ್ಯತ್ಯಾಸ ಅಂತ ಮಕ್ಕಳಿಗೆ ಹೇಳಬೇಕು ಎಂದು ಕರೆದರು. ಬಸ್ಸು ಕಮಲಾಪುರ ದಾಟಿ ಬಾಳೆತೋಟಗಳ ನಡುವೆ ಹೋಗುವಷ್ಟರಲ್ಲಿ ನನ್ನ ಕೈ ಮಫ್ಲರ್ ಸರಿಸಿ ಕಿವಿಗೆ ಹೋಗಿತ್ತು. ಮೈಯಲ್ಲಿ ಯಂತ್ರ ಹೊತ್ತ ಮನುಷ್ಯನ ಬಗ್ಗೆ ಮಾತಾಡುವವನೇ ಕಿವಿಯಲ್ಲಿ ಮಿಷಿನ್ ಇಟ್ಟುಕೊಂಡು ನಿಂತರೆ ಹುಡುಗರು ನಗದೆ ಇರುತ್ತಾರೆಯೇ? ಎರಡನ್ನೂ ಕಳಚಿ ಅಂಗಿಯ ಜೇಬಿಗೆ ಹಾಕಿದೆ.

ಭಾಷಣಕ್ಕೆ ಕಿವಿ ಬೇಕಾಗಲಿಲ್ಲ. ಅಲ್ಲಿಯ ಮಕ್ಕಳು ಕಬ್ಬಿನ ಗದ್ದೆಯ ನಡುವೆ ಬೆಳೆದವರು, ಹಾಗಾಗಿ ಕಬ್ಬು ಕಟಾವಿನ ಯಂತ್ರದಿಂದಲೇ ಶುರು ಮಾಡಿದೆ. ಅದನ್ನು ಒಬ್ಬ ಮನುಷ್ಯ ನಡೆಸುತ್ತಾನೆ. ಯಾರೂ ಹತ್ತದೆ ಅದೇ ಗದ್ದೆ ನೋಡಿ, ಅದೇ ತೀರ್ಮಾನಿಸಿ ಕಡಿದರೆ ಅದು ರೋಬೋ. ಕೂಲಿಯವನ ಮೊಣಕೈಗೇ ಕುಡುಗೋಲು ಕೂಡಿಸಿ, ಅದು ಅವನ ನರದ ಮಾತು ಕೇಳುವಂತೆ ಮಾಡಿದರೆ ಅವನು ಸೈಬೋರ್ಗ್. ರೋಬೋ ಸಂಜೆ ಶೆಡ್ಡಿಗೆ ಹೋಗುತ್ತದೆ. ಇವನು ಆ ಕೈಯನ್ನು ಹೊತ್ತುಕೊಂಡೇ ಮನೆಗೆ ಹೋಗಬೇಕು, ಅದೇ ಕೈಯಿಂದ ಮಗುವನ್ನು ಎತ್ತಿಕೊಳ್ಳಬೇಕು. ಮಕ್ಕಳ ಮುಖ ನೋಡಿದರೆ ಮಾತು ಮುಟ್ಟುತ್ತಿದೆ ಅನ್ನಿಸಿತು. ಹಿಗ್ಗಿದೆ.

ಆಮೇಲೆ ಪ್ರಶ್ನೆಗಳ ಸರದಿ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ಏನೋ ಕೇಳಿದಳು. ಮೇಲೆ ಫ್ಯಾನ್ ತಿರುಗುತ್ತಿತ್ತು. ನನಗೆ ತಲುಪಿದ್ದು ಎರಡೇ ಮಾತು: ಮಿಷಿನ್, ಕಿವಿ.

ಯಾರೋ ಬಸ್ಸಿನಲ್ಲಿ ನೋಡಿರಬೇಕು, ಇಲ್ಲವೇ ಜೇಬಿನಲ್ಲಿ ಕಾಣುತ್ತಿರಬೇಕು ಅಂದುಕೊಂಡೆ.

"ನನ್ನ ಕಿವಿ ತಗೊಂಡು ನಿನಗೇನಾಗ್ಬೇಕಾಗೇತಿ?" ಅಂದೆ. "ಹೌದು, ಮಿಷಿನ್ ಹಾಕ್ಕೋತೀನಿ. ದೊಡ್ಡೋರ ಹತ್ರ ಹೆಂಗ ಮಾತಾಡ್ಬೇಕು ಅಂತ ಮನ್ಯಾಗ ಹೇಳಿಕೊಟ್ಟಿಲ್ಲೇನು?"

ಹುಡುಗಿ ನಿಂತೇ ಇದ್ದಳು. ಅವಳ ತುಟಿ ಆಡಿದ್ದು ಕಂಡಿತು, ಮಾತು ಕೇಳಲಿಲ್ಲ. ಆಗ ಮೇಡಂ ಎದ್ದು ಬಂದು ಸೀಮೆಸುಣ್ಣ ತೆಗೆದುಕೊಂಡು ನನ್ನ ಹಿಂದಿನ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದರು: ಕವಿ. ಆಮೇಲೆ ನನ್ನ ಹತ್ತಿರ ಬಗ್ಗಿ, ಜೋರಾಗಿ, "ಮಿಷಿನ್ ಕವಿ ಆಗ್ತೈತೇನ್ರಿ ಅಂತ ಕೇಳ್ಯಾಳ್ರಿ ಸರ್," ಅಂದರು.

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಸುಧಾರಿಸಿಕೊಂಡು ಏನೋ ಹೇಳಿ ಮುಗಿಸಿದೆ, ಏನು ಹೇಳಿದೆನೋ ನೆನಪಿಲ್ಲ. ಶಾಲು ಹೊದಿಸಿದರು. ಚಹಾ ಕುಡಿಯುವಾಗ ಎಲ್ಲರೂ ನನ್ನೊಡನೆ ದೊಡ್ಡ ದನಿಯಲ್ಲಿ, ನಿಧಾನವಾಗಿ, ಸಣ್ಣ ಮಗುವಿಗೆ ಹೇಳುವ ಹಾಗೆ ಮಾತಾಡಿದರು. ಹುಡುಗಿ ಬಾಗಿಲವರೆಗೆ ಬಂದು "ತಪ್ಪಾತ್ರಿ ಸರ್" ಅಂದಳು. ಆ ಮಾತು ನನ್ನ ಬಾಯಿಂದ ಬರಬೇಕಾಗಿತ್ತು. ತಲೆಯಾಡಿಸಿ ಬಸ್ ಹತ್ತಿದೆ.

ಹೆಂಡತಿಗೆ ಹೇಳಿದೆ. ಅವಳು ಬಯ್ಯುತ್ತಾಳೆ ಅಂದುಕೊಂಡಿದ್ದೆ. "ಆ ಹುಡುಗಿ ಏನ್ ಮಾಡಿತ್ರಿ ಪಾಪ," ಅಂತಷ್ಟೇ ಅಂದು ಒಳಗೆ ಹೋದಳು.

ಮುಂದಿನ ವಾರ ಮೇಡಂಗೆ ಫೋನ್ ಮಾಡಿ, ಕರೆಯದೆಯೇ ಮತ್ತೆ ಕಂಪ್ಲಿಗೆ ಹೋದೆ. ಎರಡೂ ಕಿವಿಗೆ ಮಿಷಿನ್ ಹಾಕಿದ್ದೆ, ಮಫ್ಲರ್ ಇರಲಿಲ್ಲ. ಅದೇ ಕ್ಲಾಸಿನಲ್ಲಿ ಎಲ್ಲರ ಎದುರಿಗೆ, "ತಂಗಿ, ಅವತ್ತು ತಪ್ಪು ನಂದು," ಅಂದೆ. ಬಸ್ಸಿನಲ್ಲಿ ಹೊಂದಿಸಿಕೊಂಡು ಬಂದಿದ್ದ ಉತ್ತರವನ್ನೂ ಹೇಳಿದೆ: ಯಂತ್ರ ಪದ ಜೋಡಿಸಬಹುದು, ಆದರೆ ಆ ಪದ ಬರೆದದ್ದಕ್ಕೆ ಅದಕ್ಕೆ ನೋವೂ ಇಲ್ಲ, ನಾಚಿಕೆಯೂ ಇಲ್ಲ, ಇತ್ಯಾದಿ.

ಹುಡುಗಿ ಪೂರ್ತಿ ಕೇಳಿಸಿಕೊಂಡಳು. "ಇನ್ನೊಂದು ಕೇಳ್ಲೇನ್ರಿ ಸರ್? ನಿಮ್ಮ ಎರಡೂ ಪುಸ್ತಕ ಓದೀನ್ರಿ. ರೋಬೋ ಎಲ್ಲಾ ಒಳ್ಳೇವು. ಮೈಯಾಗ ಮಿಷಿನ್ ಇರೋ ಮನಷ್ಯಾರು ಮಾತ್ರ ಕೆಟ್ಟೋರು, ಇಲ್ಲಾಂದ್ರ ಕಡೀಗೆ ಸಾಯ್ತಾರ. ಯಾಕ್ರಿ ಹಂಗ? ನಮ್ಮಣ್ಣ ಟ್ರ್ಯಾಕ್ಟರ್‌ನಿಂದ ಬಿದ್ದು, ಕಾಲಾಗ ರಾಡ್ ಹಾಕ್ಯಾರ್ರಿ. ನಿಮ್ಮ ಕಥಿ ಓದಿ, 'ನಾ ಯಾವಾಗ ಕೆಟ್ಟಾವ ಆಗೋದು' ಅಂತ ನಗ್ತಾನ."

ಒಂದಕ್ಷರವೂ ಬಿಡದಂತೆ ಕೇಳಿಸಿತ್ತು. ಆದರೂ ನಾನು ಕಿವಿಯ ಹತ್ತಿರ ಕೈ ಹಿಡಿದು, "ಕೇಳಿಸ್ಲಿಲ್ಲಮ್ಮ," ಅಂದೆ.

ಅವಳು ಬೆಂಚು ಬಿಟ್ಟು ಮುಂದೆ ಬಂದು ಬೇಸರವಿಲ್ಲದೆ ಮತ್ತೊಮ್ಮೆ ಕೇಳಿದಳು. ಈ ಸಲ ಅಣ್ಣನ ಮಾತು ಬಿಟ್ಟಿದ್ದಳು. ಅದರಿಂದ ನನಗೆ ನೋವಾಯಿತೆಂದು ತಿಳಿದಳೋ ಏನೋ. ಅವಳ ಆ ಮರ್ಯಾದೆಗೆ ನಾನು ಕುಗ್ಗಿಹೋದೆ.

"ಗೊತ್ತಿಲ್ಲ ತಂಗಿ," ಅಂದೆ. "ಹೆದ್ರಿ ಬರೆದಿರ್ಬೇಕು. ರೋಬೋ ದೂರದ್ದು, ಅದನ್ನ ಒಳ್ಳೇದು ಮಾಡೋದು ಸುಲಭ. ಇದು ನಮ್ಮ ಮೈಯಾಗ ಬರೋದು." ಅಷ್ಟೇ ಹೇಳಲಾಯಿತು. ಕ್ರಷರ್ ಬಳಿ ನನ್ನ ಜೊತೆ ದುಡಿದವರಲ್ಲಿ ಕೈಬೆರಳು ಹೋದವರು, ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಇದ್ದರು. ಅವರ ಮನೆಗಳಲ್ಲಿ ಉಂಡು ಬಂದು ನಾನು ಅಂಥ ಕಥೆಗಳನ್ನು ಬರೆದಿದ್ದೆ.

ಮನೆಗೆ ಬಂದಾಗ ಹೆಂಡತಿ "ಹೆಂಗಾತ್ರಿ?" ಅಂದಳು. ಚಲೋ ಆತು ಅಂದೆ. ಕವಿಯ ಪ್ರಶ್ನೆಗೆ ಏನು ಉತ್ತರ ಕೊಟ್ಟೆ ಅಂತ ಹೇಳಿದೆ. ಎರಡನೆಯ ಪ್ರಶ್ನೆ ಹೇಳಲಿಲ್ಲ, ಕೇಳಿಸಿಯೂ ಕೇಳಿಸಲಿಲ್ಲ ಅಂದದ್ದನ್ನಂತೂ ಹೇಳಲೇ ಇಲ್ಲ.

ಹೋದ ತಿಂಗಳು ಮೇಡಂ ಫೋನಿನಲ್ಲಿ, ಆ ಹುಡುಗಿಯ ಅಣ್ಣ ನನ್ನನ್ನು ಊಟಕ್ಕೆ ಕರೆದಿದ್ದಾನೆ ಅಂದರು. ಕಬ್ಬಿನ ಕೆಲಸ ಮುಗಿದರೆ ಅವನು ಊರಲ್ಲಿ ಇರುವುದಿಲ್ಲವಂತೆ, ಅದರೊಳಗೆ ಬರಬೇಕಂತೆ. ಬರ್ತೀನಿ ಅಂತ ಹೇಳಿರಿ ಅಂದೆ. ಇನ್ನೂ ಹೋಗಿಲ್ಲ.